ಮುಚ್ಚಳ ಕೂರದ ಭರಣಿ

ಬ್ರಯರ್ ರನ್ ಹೈಸ್ಕೂಲಿನಲ್ಲಿ ನಾನು ಕುಂಬಾರಿಕೆ ಕಲಿಸುತ್ತೇನೆ. ಬ್ಯಾಂಡಿನವರ ಕೋಣೆ ದಾಟಿ, ಕಸದ ದೊಡ್ಡ ಡಬ್ಬಿಗಳಿಗಿಂತ ಸ್ವಲ್ಪ ಈಚೆಗೆ ನನ್ನ ತರಗತಿ ಸಿಗುತ್ತದೆ. ಕಾಲೇಜಿನ ಚಿಂತೆ ತಲೆಗೆ ಹತ್ತಿದ ಮಕ್ಕಳು ಈ ಕಡೆ ಸುಳಿಯುವುದಿಲ್ಲ. ಅದಕ್ಕೆ ಕಾರಣವೂ ಇದೆ. ಎಪಿ ಎನ್ನುವ ಮೇಲಿನ ದರ್ಜೆಯ ತರಗತಿಗಳಲ್ಲಿ ಎ ಗ್ರೇಡು ಬಂದರೆ ಲೆಕ್ಕಕ್ಕೆ ಐದು ಸಿಗುತ್ತದೆ. ನನ್ನಲ್ಲಿ ಎ ಬಂದರೂ ನಾಲ್ಕೇ. ಹೀಗಾಗಿ ಎಲ್ಲ ಕಡೆ ಐದೈದು ಬಾಚಿಕೊಂಡು ಬಂದ ಮಗು ನನ್ನ ಹತ್ತಿರ ಎಷ್ಟೇ ಚೆಂದದ ಮಡಕೆ ಮಾಡಿದರೂ ಅದರ ಸರಾಸರಿ ಇಳಿದೇ ಇಳಿಯುತ್ತದೆ. ಆದರೆ ಕಲೆಯ ಒಂದು ವಿಷಯ ಮುಗಿಸದೆ ನಮ್ಮ ರಾಜ್ಯದಲ್ಲಿ ಯಾರಿಗೂ ಹೈಸ್ಕೂಲಿನಿಂದ ಬಿಡುಗಡೆ ಇಲ್ಲ. ಅದಕ್ಕೇ ಜಾಣ ಮಕ್ಕಳು ನನ್ನನ್ನು ಚುಚ್ಚುಮದ್ದಿನ ಹಾಗೆ ಮುಂದೂಡುತ್ತಾ ಹೋಗಿ, ಇನ್ನು ಸಾಧ್ಯವೇ ಇಲ್ಲ ಎಂದಾದಾಗ ಕೊನೆಯ ವರ್ಷದಲ್ಲಿ ಮುಖ ಸಿಂಡರಿಸಿಕೊಂಡು ಬರುತ್ತಾರೆ.

ಮೆಕ್ಲಿಟ್ ಅಸ್ರಾತ್ ಮತ್ತು ಕಾವೆ ದರ್ಯಾನಿ ಹಾಗೆ ಬಂದವರು. ಮೊದಲ ರ‍್ಯಾಂಕು ಇವರಿಬ್ಬರಲ್ಲಿ ಒಬ್ಬರಿಗೆ ಎನ್ನುವುದು ಒಂಬತ್ತನೇ ತರಗತಿಯಿಂದಲೇ ಶಾಲೆಗೆಲ್ಲ ಗೊತ್ತಿತ್ತು. ಯಾರಿಗೆ ಎನ್ನುವುದು ಮಾತ್ರ ದಶಮಾಂಶದ ಮೂರನೇ ಸ್ಥಾನದಲ್ಲಿ ತೂಗಾಡುತ್ತಿತ್ತು. ಮೆಕ್ಲಿಟ್ ಇಥಿಯೋಪಿಯದವರ ಮಗಳು, ಗಿಡ್ಡ ಮೈಯ, ಗಟ್ಟಿ ದನಿಯವಳು. ನಡೆಯುವಾಗಲೂ ಎಲ್ಲಿಗೋ ತಡವಾದವಳಂತೆ ನಡೆಯುತ್ತಿದ್ದಳು. ಕಾವೆ ಇರಾನಿನವರ ಮಗ, ಉದ್ದಕ್ಕೆ ಬೆಳೆದು ಸ್ವಲ್ಪ ಬಾಗಿದ್ದ. ಶಾಲೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವ ಹುಡುಗ ನಮ್ಮಲ್ಲಿ ಅವನೊಬ್ಬನೇ. ನಾಲ್ಕು ವರ್ಷ ಒಂದೇ ತರಗತಿಗಳಲ್ಲಿ ಕೂತಿದ್ದರೂ ಇಬ್ಬರೂ ಒಬ್ಬರ ಜೊತೆ ಒಬ್ಬರು ಆಡಿದ ಮಾತೆಂದರೆ ‘ನಿಂಗೆಷ್ಟು ಬಂತು’ ಎನ್ನುವುದೊಂದೇ ಇರಬೇಕು.

ಇಬ್ಬರೂ ನನ್ನಿಂದ ಎ ತೆಗೆದುಕೊಂಡರೆ ಇಬ್ಬರಿಗೂ ಸಮ ನಷ್ಟ, ಚಿಂತೆಯಿಲ್ಲ. ಒಬ್ಬರಿಗೆ ಎ, ಇನ್ನೊಬ್ಬರಿಗೆ ಬಿ ಬಂತೋ, ಅಲ್ಲಿಗೆ ಕಥೆ ಮುಗಿಯಿತು. ಮೊದಲ ದಿನ ತರಗತಿಯೊಳಗೆ ಕಾಲಿಟ್ಟ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬಾಗಿಲಲ್ಲೇ ನಿಂತುಬಿಟ್ಟಾಗ ಇದೆಲ್ಲ ನನಗೆ ತಿಳಿದಿರಲಿಲ್ಲ. ನನಗೆ ತಿಳಿಸಿದವಳು ಡುಲ್ಸೆ ಮೆಂಜಿವಾರ್.

ಡುಲ್ಸೆ ಎಲ್ ಸಾಲ್ವಡೋರಿನ ಕಡೆಯ ಹುಡುಗಿ. ನನ್ನ ತರಗತಿಗೆ ಅದು ಅವಳ ಮೂರನೇ ಸಲ. ಫೇಲಾಗಿ ಅಲ್ಲ, ಇಷ್ಟವಾಗಿ. ಚೂಯಿಂಗ್ ಗಮ್ ಅಗಿಯುತ್ತಾ ತಿಗರಿ ತಿರುಗಿಸುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಉಳಿದಿದ್ದ ಎರಡು ತಿಗರಿಗಳು ಅವಳ ಅಕ್ಕಪಕ್ಕದವೇ ಆಗಿದ್ದರಿಂದ ಮೆಕ್ಲಿಟ್ ಅವಳ ಎಡಕ್ಕೆ, ಕಾವೆ ಬಲಕ್ಕೆ ಕೂತರು.

ಸೆಮಿಸ್ಟರಿಗೆ ಮೂರು ಕೆಲಸ ಎಂದು ನಾನು ಹೇಳಿದೆ. ಒಂದು ಬಟ್ಟಲು, ಮುಚ್ಚಳವಿರುವ ಒಂದು ಭರಣಿ, ಮೂರನೆಯದು ಅವರವರಿಗೆ ಇಷ್ಟ ಬಂದದ್ದು. ಮೆಕ್ಲಿಟ್ ಕೈಯೆತ್ತಿ, ಯಾವುದಕ್ಕೆ ಎಷ್ಟು ಅಂಕ, ಅಂಚು ಎಷ್ಟು ದಪ್ಪವಿರಬೇಕು, ‘ಚೆನ್ನಾಗಿದೆ’ ಎನ್ನುವುದನ್ನು ಹೇಗೆ ಅಳೆಯುತ್ತೀರಿ ಎಂದು ಕೇಳಿದಳು. ಕಣ್ಣಿನಿಂದ ಅಳೆಯುತ್ತೇನೆ ಎಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ಕಾವೆ ತರಗತಿ ಮುಗಿದ ಮೇಲೆ ಒಬ್ಬನೇ ಬಂದು, ಬಟ್ಟಲಿನ ಬದಲು ಲಿಖಿತ ಪರೀಕ್ಷೆ ಬರೆಯಬಹುದೇ ಎಂದು ಬಹಳ ವಿನಯದಿಂದ ಕೇಳಿದ.

ಮುಂದಿನ ವಾರಗಳನ್ನು ನಾನು ಸುಲಭಕ್ಕೆ ಮರೆಯುವುದಿಲ್ಲ. ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನು ನಟ್ಟನಡುವೆ ತಂದು ನಿಲ್ಲಿಸುವುದೇ ಮೊದಲ ಪಾಠ. ಅದು ಅಂಗೈಗೆ ತಿಳಿಯಬೇಕು. ತಿಳಿಯುವ ತನಕ ಮುದ್ದೆ ಕುಡಿದವನ ಹಾಗೆ ಓಲಾಡುತ್ತದೆ. ಮೆಕ್ಲಿಟ್ ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದಳು. ಮಣ್ಣು ಒಂದಿಷ್ಟು ಹೊತ್ತು ತಾಳಿಕೊಂಡು ಆಮೇಲೆ ಪಕ್ಕಕ್ಕೆ ಹಾರಿಹೋಗುತ್ತಿತ್ತು. ಒಮ್ಮೆ ಕಾವೆಯ ಅಂಗಿಗೇ ಬಂದು ಬಡಿಯಿತು. ಆ ಸಂಜೆ ಅವನಿಗೆ ಕಾಲೇಜಿನವರ ಸಂದರ್ಶನವಿತ್ತು. ಅವನು ಎದ್ದು ಹೋಗಿ ಅಂಗಿ ತೊಳೆದುಕೊಂಡು ಒದ್ದೆಯಾಗಿಯೇ ಬಂದು ಕೂತ. ಅವನ ಕಷ್ಟ ಬೇರೆ ಬಗೆಯದು. ಅವನು ಮಣ್ಣನ್ನು ಮುಟ್ಟಲೇ ಹೆದರುತ್ತಿದ್ದ. ಬೆರಳ ತುದಿ ತಾಗಿಸಿ ತೆಗೆಯುತ್ತಿದ್ದ, ಬಿಸಿ ಬಾಣಲೆ ಮುಟ್ಟಿ ನೋಡುವವನ ಹಾಗೆ.

“ನೋಡು ಕಾವೆ, ಅದೇನು ಕಚ್ಚಲ್ಲ,” ಎಂದಳು ಡುಲ್ಸೆ. ಆಮೇಲೆ ಮೆಕ್ಲಿಟ್ ಕಡೆ ತಿರುಗಿ, “ನೀನು ಕಚ್ತೀಯ, ಅದಕ್ಕೇ ನಿಂದು ಓಡಿಹೋಗುತ್ತೆ,” ಎಂದಳು.

ಅಂತೂ ಬಟ್ಟಲುಗಳಾದವು. ಮೆಕ್ಲಿಟಳದು ನೋಡುವುದಕ್ಕೆ ಚಿಕ್ಕದು, ಎತ್ತಿದರೆ ಇಟ್ಟಿಗೆಯಷ್ಟು ಭಾರ. ಕಾವೆಯದು ತೆಳ್ಳಗಿತ್ತು, ಆದರೆ ಒಂದು ಕಡೆ ಸೊಟ್ಟಗಾಗಿ, ಸಾರು ಹಾಕಿದರೆ ತಾನಾಗಿಯೇ ಬಡಿಸುವಂತಿತ್ತು. ಇಬ್ಬರಿಗೂ ಬಿ ಕೊಟ್ಟೆ. ಅವರು ಪಟ್ಟ ಪಾಡನ್ನು ನೋಡಿ ಸ್ವಲ್ಪ ಧಾರಾಳವಾಗಿಯೇ ಕೊಟ್ಟಿದ್ದೆ. ಇಬ್ಬರೂ ಗ್ರೇಡನ್ನು ನೋಡಿ ಅದು ತಮ್ಮದಲ್ಲವೇನೋ ಎನ್ನುವಂತೆ ಬಟ್ಟಲನ್ನು ತಿರುಗಿಸಿ ಕೆಳಗೆ ಕೊರೆದಿದ್ದ ಹೆಸರು ಓದಿಕೊಂಡರು.

ಅಕ್ಟೋಬರಿನ ಪೋಷಕರ ಸಂಜೆಗೆ ನನ್ನ ಬಾಗಿಲಿಗೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ದಾರಿ ತಪ್ಪಿ ಬಂದವರು ಶೌಚಾಲಯ ಎಲ್ಲಿ ಎಂದು ಕೇಳಿ ಹೋಗುತ್ತಾರೆ. ಆ ವರ್ಷ ಮಾತ್ರ ಇಬ್ಬರು ಕಾದಿದ್ದರು. ಮೊದಲು ಒಳಗೆ ಬಂದವರು ಮೆಕ್ಲಿಟಳ ತಾಯಿ ಜೆನೆಬೆಚ್. ಊರಿನ ಅರ್ಧ ಮನೆಗಳನ್ನು ಮಾರಿಸಿಕೊಟ್ಟ ಹೆಂಗಸು. ಎಂಥ ಹಳೆಯ ಅಡುಗೆಮನೆಯನ್ನೂ ‘ಬೆಚ್ಚಗಿದೆ’ ಎಂದು ಹೊಗಳಿ ಗಿರಾಕಿಯನ್ನು ಒಪ್ಪಿಸಬಲ್ಲ ಬಾಯಿ ಅವರದು. ಮನೆಯಲ್ಲಿ ಅಸ್ರಾತ್ ಎನ್ನುವ ತಂದೆಯೂ ಇದ್ದರು, ಆದರೆ ಶಾಲೆಯ ವ್ಯವಹಾರವೆಲ್ಲ ತಾಯಿಯದೇ. ಬಟ್ಟೆಯಲ್ಲಿ ಸುತ್ತಿದ ಇನ್ನೂ ಬಿಸಿಯಿದ್ದ ದೊಡ್ಡ ರೊಟ್ಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಕೂತರು.

“ಟೀಚರ್, ಬಿ ಅಂದ್ರೆ ಏನು ಅಂತ ನಂಗೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮನೇಲಿ ಅದನ್ನ ಯಾರೂ ನೋಡಿಲ್ಲ.”

“ಪರವಾಗಿಲ್ಲ, ಚೆನ್ನಾಗೇ ಇದೆ ಅಂತ ಅರ್ಥ,” ಎಂದೆ.

“ಚೆನ್ನಾಗಿದ್ರೆ ಎ ಅಲ್ವಾ?”

ಅವರ ಹಿಂದೆ ಬಂದ ಕಾವೆಯ ತಂದೆ ಹೂಶಂಗ್ ದರ್ಯಾನಿ ಸೇತುವೆ ಕಟ್ಟುವ ಎಂಜಿನಿಯರು. ಅವರು ಪಿಸ್ತಾ ಮಿಠಾಯಿಯ ಡಬ್ಬಿ ತಂದಿದ್ದರು. ಬಿ ಗ್ರೇಡಿನ ಮಾತನ್ನೇ ಎತ್ತಲಿಲ್ಲ. ನನ್ನ ಕೈ ಎಂಥ ಪುಣ್ಯದ ಕೈ, ನನ್ನಂಥವರ ಹತ್ತಿರ ಕಲಿಯಲು ಅವರ ಮಗ ಏನು ಅದೃಷ್ಟ ಮಾಡಿದ್ದ, ಅಂಥವನಿಂದ ನನ್ನ ಸಮಯ ಎಷ್ಟು ಹಾಳಾಯಿತು ಎಂದೆಲ್ಲ ಹೇಳಿ, ಎದೆಯ ಮೇಲೆ ಕೈಯಿಟ್ಟು ಬಾಗಿ, ಹೋಗುತ್ತಾ ಬಾಗಿಲಲ್ಲಿ ನಿಂತು, ಈ ಊರಿನಲ್ಲಿ ಮಡಕೆ ಮಾಡುವುದನ್ನು ಮನೆಪಾಠ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನನಗೆ ತಿಳಿದಂತೆ ಯಾರೂ ಇಲ್ಲ ಎಂದೆ.

ಅದು ನನ್ನ ಅಜ್ಞಾನ. ನಮ್ಮ ಊರಿನಲ್ಲಿ ಎಲ್ಲದಕ್ಕೂ ಮನೆಪಾಠವಿದೆ. ನವೆಂಬರಿನಲ್ಲಿ ಭರಣಿಯ ಕೆಲಸ ಶುರುವಾದಾಗ ಇಬ್ಬರ ಕೈಯಲ್ಲೂ ಒಂದು ವಿಚಿತ್ರ ಬದಲಾವಣೆ ಕಂಡಿತು. ಕೈಗೆ ಸ್ವಲ್ಪ ಹದ ಬಂದಿತ್ತು, ಅದು ಸರಿ. ಆದರೆ ಇಬ್ಬರೂ ಭರಣಿಯನ್ನು ಸಣ್ಣ ಸಣ್ಣ ಕೊಕ್ಕೆಗಳಿಂದ ಕೆರೆದು ಕೆರೆದು ನುಣುಪು ಮಾಡುತ್ತಿದ್ದರು, ಆಗಾಗ ಪುಟ್ಟ ದುಂಡು ಕನ್ನಡಿಯೊಂದನ್ನು ಒಳಗಿಳಿಸಿ ಹಿಂಭಾಗ ನೋಡುತ್ತಿದ್ದರು. ಭರಣಿಗಳ ಭುಜವೂ ಒಂದೇ ತೆರನಾಗಿ ನಾಲ್ಕು ಕಡೆ ಉಬ್ಬಿ ನಡುವೆ ತಗ್ಗಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದೋ ದೈತ್ಯನ ದವಡೆಹಲ್ಲುಗಳಂತಿದ್ದವು.

“ಮಿಸ್, ನಮ್ಮ ಬೀದೀಲಿ ಒಬ್ರು ರಿಟೈರ್ ಆದ ಹಲ್ಲಿನ ಡಾಕ್ಟ್ರು ಇದಾರೆ,” ಎಂದು ಡುಲ್ಸೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. “ಗ್ಯಾರೇಜಲ್ಲಿ ಮಡಕೆ ಮಾಡ್ತಾರೆ. ಶನಿವಾರ ಶನಿವಾರ ಇವರಿಬ್ರೂ ಅಲ್ಲಿಗೆ ಹೋಗ್ತಾರೆ.”

ಆ ಗ್ಯಾರೇಜಿನ ಮುಂದೆ ನಡೆದದ್ದನ್ನು ಆಮೇಲೆ ನಾನು ಎರಡು ಮನೆಯವರಿಂದಲೂ ಕೇಳಿದ್ದೇನೆ. ಡಾಕ್ಟರ್ ಬ್ರಿಸ್ಕಿನ್ ಎನ್ನುವ ಆ ಮುದುಕರು ಇಬ್ಬರಿಗೂ ಬೇರೆಬೇರೆ ಹೊತ್ತು ಕೊಟ್ಟಿದ್ದರು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳಿರಲಿಲ್ಲ. ಒಂದು ಶನಿವಾರ ಅವರು ಮರೆತು ಇಬ್ಬರಿಗೂ ಒಂದೇ ಹೊತ್ತು ಹೇಳಿ ಎರಡು ಕಾರುಗಳು ಒಟ್ಟಿಗೆ ಬಂದು ನಿಂತವು. ಜೆನೆಬೆಚ್ ಒಂದು ಕಾರಿನಿಂದ ಇಳಿದರು, ದರ್ಯಾನಿ ಇನ್ನೊಂದರಿಂದ. ಇಬ್ಬರ ಕೈಯಲ್ಲೂ ಡಾಕ್ಟರಿಗೆಂದು ತಂದ ತಿಂಡಿಯ ಡಬ್ಬಿ. ಗುಟ್ಟು ಬಯಲಾದ ಮೇಲೆ ಮಾಡುವುದೇನಿದೆ, ಇಬ್ಬರೂ ಮರ್ಯಾದೆಗೆ ಇಳಿದರು. ನಿಮ್ಮ ಮಗಳೇ ಮೊದಲು ಕಲಿಯಲಿ ಎಂದು ದರ್ಯಾನಿ ಪಕ್ಕಕ್ಕೆ ಸರಿದರು. ಅದು ಹೇಗಾಗುತ್ತದೆ, ನೀವು ನಮಗಿಂತ ಹಿರಿಯರು, ನಿಮ್ಮ ಮಗನೇ ಮೊದಲು ಎಂದು ಜೆನೆಬೆಚ್ ಇನ್ನೂ ಪಕ್ಕಕ್ಕೆ ಸರಿದರು. ಇಬ್ಬರೂ ಸರಿದು ಸರಿದು ಒಬ್ಬರು ಗುಲಾಬಿ ಪಾತಿಗೂ ಇನ್ನೊಬ್ಬರು ಪಕ್ಕದ ಮನೆಯ ಅಂಗಳಕ್ಕೂ ಹೋಗಿದ್ದರಂತೆ. ಮಕ್ಕಳಿಬ್ಬರೂ ಕಾರಿನೊಳಗೆ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಡಾಕ್ಟರು ಹೊರಗೆ ಬಂದು, ಇಬ್ಬರ ಪಾಠದ ಹೊತ್ತೂ ಮುಗಿದುಹೋಯಿತು, ತಿಂಡಿ ಏನಾದರೂ ಇದ್ದರೆ ಕೊಟ್ಟು ಹೋಗಿ ಎಂದರಂತೆ.

ಆ ದಿನದಿಂದ ದೊಡ್ಡವರು ಸಿಕ್ಕಲ್ಲೆಲ್ಲ ನಗುನಗುತ್ತಾ ಮಾತಾಡಿಸತೊಡಗಿದರು. ಮಕ್ಕಳು ಮಾತ್ರ ಇನ್ನಷ್ಟು ಬಿಗಿದುಕೊಂಡರು.

ಭರಣಿಗಳು ಒಣಗಿದವು. ಅವನ್ನು ಸುಡಲು ಆವಿಗೆಗೆ ಜೋಡಿಸಿದವಳು ನಾನೇ. ನಮ್ಮದು ಕರೆಂಟಿನ ಆವಿಗೆ, ಸಣ್ಣದು. ಹಾಗಾಗಿ ಇಬ್ಬರ ಭರಣಿಗಳೂ ಅಕ್ಕಪಕ್ಕ ಬಂದವು. ಮುಚ್ಚಳಗಳೂ ಜೊತೆಗಿದ್ದವು. ಮಾರನೆಯ ದಿನ ತಣ್ಣಗಾದ ಮೇಲೆ ತೆರೆದು ನೋಡಿದರೆ ಆ ಅಟ್ಟಣಿಗೆಯಲ್ಲಿ ಭರಣಿಗಳೇ ಇರಲಿಲ್ಲ, ಬರೀ ಚೂರು. ಮೆಕ್ಲಿಟಳದು ತಳದಿಂದ ಸಿಡಿದಿತ್ತು, ಸಿಡಿದ ರಭಸಕ್ಕೆ ಕಾವೆಯದನ್ನೂ ಕರೆದುಕೊಂಡು ಹೋಗಿತ್ತು. ಮಣ್ಣಿನೊಳಗೆ ನೀರಿನ ಪಸೆ ಉಳಿದರೆ ಹೀಗಾಗುತ್ತದೆ. ಆದರೆ ಅದು ಚೆನ್ನಾಗಿ ಒಣಗಿದ್ದನ್ನು ನಾನೇ ಮುಟ್ಟಿ ನೋಡಿದ್ದೆ.

ಮೆಕ್ಲಿಟ್ ಚೂರುಗಳಲ್ಲಿ ತನ್ನ ಭರಣಿಯ ತಳ ಹುಡುಕಿ ತೆಗೆದಳು. ಅವಳ ಗಟ್ಟಿ ದನಿ ಎಲ್ಲೋ ಅಡಗಿಹೋಗಿತ್ತು. ತಳದಲ್ಲಿ ಒಂದು ಬಿರುಕು ಕಂಡಿತ್ತು, ಆವಿಗೆಗೆ ಹೋಗುವ ಹಿಂದಿನ ದಿನ ಹಸಿ ಮಣ್ಣು ತುಂಬಿ ಮುಚ್ಚಿದ್ದೆ ಎಂದು ಹೇಳಿದಳು. ಹುಳುಕು ಹಲ್ಲಿಗೆ ಸಿಮೆಂಟು ತುಂಬುವ ಹಾಗೆ ತುಂಬಿ ಮೇಲೆ ನುಣ್ಣಗೆ ತೀಡಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರಂತೆ. ಎಷ್ಟು ಚೆನ್ನಾಗಿ ತೀಡಿದ್ದಳೆಂದರೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಕಾವೆ ಅದನ್ನು ಕೇಳಿಸಿಕೊಂಡ. ಅವನು ಕಿರುಚಾಡುವ ಹುಡುಗನಲ್ಲ. ಲೆಕ್ಕ ಬಿಡಿಸುವಂತೆ ಹೇಳಿದ. “ಬಿರುಕು ಬಿಟ್ಟ ಭರಣಿಗೆ ಹೇಗೂ ಬಿ ಬರ್ತಿತ್ತು ಅಂತ ಅವಳಿಗೆ ಗೊತ್ತಿತ್ತು. ತನಗೆ ಎ ಇಲ್ಲ ಅಂದಮೇಲೆ ನಂಗೂ ಬೇಡ ಅಂತ ಮಾಡಿದಾಳೆ.”

“ಅಷ್ಟು ಬುದ್ಧಿ ಇದ್ದಿದ್ರೆ ನಿನ್ನ ಭರಣಿ ಒಂದನ್ನೇ ಒಡೀತಿದ್ದೆ,” ಎಂದಳು ಮೆಕ್ಲಿಟ್.

ಅದು ಅವಳು ತನ್ನನ್ನು ಸಮರ್ಥಿಸಿಕೊಳ್ಳಲು ಆಡಿದ ಮಾತು. ಕೇಳಿದವರಿಗೆ ಹಾಗನ್ನಿಸಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಉಪಪ್ರಾಂಶುಪಾಲ ಓಗಲ್‌ಟ್ರೀ ಅವರ ಕಿವಿಗೆ ಬಿತ್ತು, ಎರಡು ಮನೆಗೂ ಫೋನು ಹೋಯಿತು.

ಓಗಲ್‌ಟ್ರೀ ಹಿಂದೆ ಫುಟ್‌ಬಾಲ್ ಕಲಿಸುತ್ತಿದ್ದವರು. ಹೊಡೆದಾಟ, ಸಿಗರೇಟು, ಕಾಪಿ ಹೊಡೆಯುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಭರಣಿಯ ಕೇಸು ಬಂದದ್ದು ಇದೇ ಮೊದಲು. ಪಂಚಾಯ್ತಿಗೆ ಕೂತ ನಾವೇ ಏಳು ಜನ. ಡುಲ್ಸೆ ಸಾಕ್ಷಿ ಎಂದು ತನ್ನನ್ನು ತಾನೇ ಕರೆದುಕೊಂಡು ಬಂದಿದ್ದಳು. ಓಗಲ್‌ಟ್ರೀ ತಮ್ಮ ಸ್ಯಾಂಡ್‌ವಿಚ್ಚನ್ನು ಆಸೆಯಿಂದ ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಇದು ಬೇಕೆಂದು ಮಾಡಿದ್ದೋ ತಪ್ಪಿ ಆದದ್ದೋ ಎಂದು ಕೇಳಿದರು. ಮಕ್ಕಳು ಬಾಯಿ ತೆರೆಯುವ ಮೊದಲೇ ದರ್ಯಾನಿ ಎದ್ದು ನಿಂತರು.

“ಸ್ವಾಮಿ, ಇಲ್ಲಿ ತಪ್ಪೇನಾದ್ರೂ ಇದ್ರೆ ಅದು ನಮ್ಮದು. ಇಂಥ ಒಳ್ಳೇ ಹುಡುಗಿ ಮೇಲೆ ನನ್ನ ಮಗ ಮಾತಾಡಿದಾನೆ. ನಂಗೆ ತಲೆ ಎತ್ತೋಕೆ ಆಗ್ತಿಲ್ಲ. ಅವನಿಗೇ ಬಿ ಕೊಟ್ಬಿಡಿ.”

ಕಾವೆ ತಂದೆಯ ತೋಳು ಹಿಡಿದು ಎಳೆದ. ಜೆನೆಬೆಚ್ ಕುರ್ಚಿಯ ತುದಿಗೆ ಬಂದಿದ್ದರು.

“ಅಯ್ಯೋ, ಸಿಡಿದದ್ದು ನಮ್ಮ ಭರಣಿ, ಬಿ ನಿಮಗ್ಯಾಕೆ ಹೋಗ್ಬೇಕು? ನಮ್ಮ ಹುಡುಗಿಗೇ ಇರ್ಲಿ. ಅವನ ಭರಣಿ ಎಷ್ಟು ಲಕ್ಷಣವಾಗಿತ್ತು.”

“ನಿಮ್ಮ ದೊಡ್ಡ ಮನಸ್ಸು, ಖಾನುಂ,” ಎಂದರು ದರ್ಯಾನಿ, ಅವರ ಮಾತಿನಲ್ಲಿ ಅಮ್ಮಾವ್ರೇ ಎಂದಂತೆ. “ಹಾಗಾದ್ರೆ ನಮಗೆ ಸಿ.”

“ನಿಮಗೆ ಸಿ ಕೊಡ್ಸಿ ನಾನು ಮನೇಗೆ ಹೋಗಿ ಊಟ ಮಾಡ್ಲಾ? ನಮಗೂ ಸಿ.”

ಇಬ್ಬರೂ ಹರಾಜನ್ನು ತಲೆಕೆಳಗಾಗಿ ಕೂಗುತ್ತಿದ್ದರು. ದರ್ಯಾನಿ ಎದೆಯ ಮೇಲೆ ಕೈಯಿಟ್ಟುಕೊಂಡು ಡಿ ತನಕ ಇಳಿದರು. ಜೆನೆಬೆಚ್ ಮನೆ ಮಾರುವವರು, ಬೆಲೆ ಇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಮ್ಮ ಹುಡುಗಿಯನ್ನು ಫೇಲು ಮಾಡಿದರೂ ನಮಗೆ ಬೇಜಾರಿಲ್ಲ ಎಂದುಬಿಟ್ಟರು. ಓಗಲ್‌ಟ್ರೀ ಅಂಕ ಏರಿಸಿ ಎಂದು ಜಗಳಾಡುವ ತಂದೆತಾಯಿಗಳನ್ನು ಹದಿನೆಂಟು ವರ್ಷ ಕಂಡಿದ್ದವರು. ಇಳಿಸಿ ಎನ್ನುವವರನ್ನು ಕಂಡು ನನ್ನ ಮುಖ ನೋಡಿದರು. ಡುಲ್ಸೆಯ ದವಡೆ ಅಗಿಯುವುದನ್ನೇ ಮರೆತು ನಿಂತಿತ್ತು.

“ಎಮ್ಮಾಯೆ, ಸಾಕು ಸುಮ್ನಿರಮ್ಮ,” ಎಂದು ಮೆಕ್ಲಿಟ್ ತಾಯಿಯ ಬಾಯಿ ಮುಚ್ಚಲು ಹೋದಳು. ಅದೇ ಹೊತ್ತಿಗೆ ಕಾವೆ ನನ್ನ ಹತ್ತಿರ ಬಗ್ಗಿ, “ಮಿಸ್, ದಯವಿಟ್ಟು ಇವರ ಮಾತು ಲೆಕ್ಕಕ್ಕೆ ತಗೋಬೇಡಿ. ಅವಳು ಬೇಕೂ ಅಂತ ಮಾಡಿಲ್ಲ. ನಂಗೂ ಗೊತ್ತು,” ಎಂದ.

“ಅದನ್ನ ಬೆಳಿಗ್ಗೇನೇ ಹೇಳಿದ್ರೆ ಏನಾಗ್ತಿತ್ತು?” ಎಂದಳು ಮೆಕ್ಲಿಟ್.

“ಬೆಳಿಗ್ಗೆ ಕೋಪ ಬಂದಿತ್ತು.”

ನಾಲ್ಕು ವರ್ಷಗಳಲ್ಲಿ ಅಂಕದ ಸಂಗತಿ ಬಿಟ್ಟು ಅವರು ಆಡಿಕೊಂಡ ಮೊದಲ ಮಾತು ಅದೇ ಇರಬೇಕು.

ನಾನು ಹೇಳಿದೆ: ಭರಣಿ ಇನ್ನೊಮ್ಮೆ ಮಾಡಬೇಕು, ಆದರೆ ಇಬ್ಬರೂ ಸೇರಿ ಒಂದೇ. ಒಬ್ಬರು ಭರಣಿ, ಇನ್ನೊಬ್ಬರು ಮುಚ್ಚಳ. ಮುಚ್ಚಳ ಸರಿಯಾಗಿ ಕೂತರೆ ಇಬ್ಬರಿಗೂ ಒಂದೇ ಗ್ರೇಡು, ಕೂರದಿದ್ದರೂ ಒಂದೇ. ಶನಿವಾರದ ಡಾಕ್ಟರ ಕಡೆ ಹೋಗಕೂಡದು. ಓಗಲ್‌ಟ್ರೀ ತಕ್ಷಣ ಒಪ್ಪಿ ಸ್ಯಾಂಡ್‌ವಿಚ್ಚಿಗೆ ಕೈ ಹಾಕಿದರು. ಹೊರಗೆ ಹೋಗುವಾಗ ದರ್ಯಾನಿ ಮತ್ತು ಜೆನೆಬೆಚ್ ಬಾಗಿಲ ಬಳಿ ‘ನೀವು ಮೊದಲು’ ಎಂದು ಶುರುಮಾಡುವ ಸೂಚನೆ ಕಂಡು ಡುಲ್ಸೆ ಇಬ್ಬರ ನಡುವೆ ನುಗ್ಗಿ ತಾನೇ ಮೊದಲು ಹೋದಳು.

ಕೆಲಸ ಊಟದ ಬಿಡುವಿನಲ್ಲಿ ನಡೆಯಿತು. ಮುಚ್ಚಳ ಸುಲಭ, ಅದು ತನಗೆ ಎಂದು ಇಬ್ಬರೂ ಜಗಳವಾಡಿದರು. ಮುಚ್ಚಳ ಸುಲಭವಲ್ಲ ಎಂದು ಆಮೇಲೆ ತಿಳಿಯಿತು. ಮಣ್ಣು ಒಣಗುವಾಗ ಕುಗ್ಗುತ್ತದೆ. ಒಬ್ಬರು ಸೋಮವಾರ ಭರಣಿ ಮಾಡಿ ಇನ್ನೊಬ್ಬರು ಬುಧವಾರ ಮುಚ್ಚಳ ಮಾಡಿದರೆ ಎರಡೂ ಸೇರುವುದಿಲ್ಲ. ಒಟ್ಟಿಗೆ ಕೂರಬೇಕು, ಒಂದೇ ಮುದ್ದೆಯ ಮಣ್ಣು ತೆಗೆದುಕೊಳ್ಳಬೇಕು, ಒಟ್ಟಿಗೇ ಒಣಗಲು ಇಡಬೇಕು. ಕಾವೆ ಮಾಡಿದ ಮೊದಲ ಮುಚ್ಚಳ ಭರಣಿಯೊಳಗೇ ಬಿದ್ದುಹೋಯಿತು. ಎರಡನೆಯದು ಮಗುವಿನ ತಲೆಗಿಟ್ಟ ದೊಡ್ಡವರ ಟೋಪಿಯಂತೆ ಭರಣಿಯ ಕತ್ತಿನ ತನಕ ಇಳಿಯಿತು. ಅಷ್ಟರಲ್ಲಿ ಮೆಕ್ಲಿಟ್ ಭರಣಿಯ ಬಾಯನ್ನು ಸರಿಪಡಿಸಲು ಹೋಗಿ ಅದನ್ನು ಮೊಟ್ಟೆಯಾಕಾರಕ್ಕೆ ತಂದಿದ್ದಳು. ಬಾಯಿ ದುಂಡಗಿಲ್ಲದೆ ತಾನು ದುಂಡು ಮುಚ್ಚಳ ಮಾಡಿ ಪ್ರಯೋಜನವೇನು ಎಂದು ಕಾವೆ. ದುಂಡಗಿನ ಮುಚ್ಚಳ ನಿನಗೆ ಯಾವಾಗ ಬಂತು ಎಂದು ಮೆಕ್ಲಿಟ್.

ಡುಲ್ಸೆ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಹೂದಾನಿ ಮಾಡುತ್ತಾ, ಇವರ ಜಗಳ ಮನೆಯಲ್ಲಿ ಅಪ್ಪ ಅಮ್ಮ ಆಡುವುದಕ್ಕಿಂತ ಚೆನ್ನಾಗಿದೆ, ನಿಲ್ಲಿಸಬೇಡಿ ಎಂದಳು.

ಬರಬರುತ್ತಾ ಜಗಳದ ನಡುನಡುವೆ ಬೇರೆ ಮಾತೂ ಕೇಳಿಸಿತು. ನಾನು ಕಿವಿಗೊಟ್ಟೆನೆಂದಲ್ಲ, ಸಣ್ಣ ಕೋಣೆ. ಮೆಕ್ಲಿಟಳಿಗೆ ಪರೀಕ್ಷೆಯ ಹಿಂದಿನ ದಿನ ವಾಂತಿಯಾಗುತ್ತದಂತೆ, ಆರನೇ ತರಗತಿಯಿಂದಲೂ. ಕಾವೆಗೆ ವೈದ್ಯಕೀಯ ಓದಲು ಮನಸ್ಸಿಲ್ಲ. ತಂದೆಯೂ ಓದೆಂದು ಹೇಳಿಲ್ಲ. ಆದರೂ ಎಲ್ಲ ಅರ್ಜಿಗಳಲ್ಲಿ ಅದನ್ನೇ ಬರೆದಿದ್ದ, ಬೇರೇನು ಬರೆಯಬೇಕೆಂದು ತೋಚಲಿಲ್ಲವಂತೆ. ಮೆಕ್ಲಿಟ್ ನಗಬಹುದೆಂದು ನಾನು ಕಾದೆ. ಅವಳು ನಗಲಿಲ್ಲ. ತನ್ನ ಕೈಯ ಮಣ್ಣು ಕೊಡವಿ, ಹಾಗಾದರೆ ನಿನಗೆ ಏನು ಇಷ್ಟ ಎಂದು ಕೇಳಿದಳು. ಅವನು ಮುಚ್ಚಳದ ಅಂಚು ತೀಡುತ್ತಾ, ನಕಾಶೆಗಳನ್ನು ನೋಡುವುದು ಎಂದ.

ಚಳಿಗಾಲದ ರಜೆಗೆ ಮುಂಚೆ ಒಂದು ಭರಣಿ, ಒಂದು ಮುಚ್ಚಳ ಒಟ್ಟಿಗೆ ಒಣಗಿ ಆವಿಗೆಗೆ ಹೋದವು. ನಾನೇ ಈ ಸಲ ಭೂತಗನ್ನಡಿ ಹಿಡಿದು ತಳ ನೋಡಿದ್ದೆ. ತೆರೆಯುವ ಬೆಳಿಗ್ಗೆ ಇಬ್ಬರೂ ಶಾಲೆಯ ಗಂಟೆ ಹೊಡೆಯುವ ಮೊದಲೇ ಬಂದು, ಹೆರಿಗೆ ವಾರ್ಡಿನ ಹೊರಗೆ ನಿಂತವರಂತೆ ನಿಂತಿದ್ದರು. ಭರಣಿ ಇಡಿಯಾಗಿತ್ತು. ಕಾವೆ ಮುಚ್ಚಳ ಇಟ್ಟ. ಕೂರಲಿಲ್ಲ, ಗಡಗಡ ಅಲ್ಲಾಡಿತು. ಅವನು ಕೈ ಬಿಟ್ಟು ಹಿಂದೆ ಸರಿದ. ಮೆಕ್ಲಿಟ್ ಮುಚ್ಚಳವನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತಾ ಬಂದಳು, ಕಳ್ಳರು ತಿಜೋರಿ ತೆರೆಯುವ ಹಾಗೆ. ಒಂದು ಕಡೆ ಬಂದಾಗ ಟಕ್ಕೆಂದು ಒಳಗಿಳಿದು ಗಟ್ಟಿಯಾಗಿ ಕೂತಿತು. ಅದೊಂದೇ ಕಡೆ, ಅದೊಂದೇ ಕೋನದಲ್ಲಿ.

“ಕೂತ್ಕೊಂಡ್ತು ಅಂತ ಲೆಕ್ಕನಾ ಮಿಸ್?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಲೆಕ್ಕವೇ ಎಂದು ಹೇಳಿ ಎ ಕೊಟ್ಟೆ. ಮೂರನೇ ಕೆಲಸವನ್ನು ಅವರವರೇ ಮಾಡಿದರು. ಮೆಕ್ಲಿಟ್ ತಮ್ಮ ಕಡೆಯ ಉದ್ದ ಕತ್ತಿನ ಕಾಫಿ ಪಾತ್ರೆ ಮಾಡಿದಳು. ಅದು ಸೋರುತ್ತಿತ್ತು. ಜೆನೆಬೆಚ್ ಅದನ್ನು ಹಜಾರದಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿ, ಕಾಫಿಯನ್ನು ಅಡುಗೆಮನೆಯಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿ ತರುತ್ತಿದ್ದರಂತೆ. ಕಾವೆ ಒಂದು ಚೌಕದ ತಟ್ಟೆ ಮಾಡಿ ಅದರಲ್ಲಿ ನಮ್ಮ ಊರಿನ ನಕಾಶೆ ಕೊರೆದ. ಡುಲ್ಸೆಯ ಮನೆಯಿರುವ ಬೀದಿಯನ್ನು ಮರೆತಿದ್ದಕ್ಕೆ ಅವಳು ಒಂದು ವಾರ ಅವನನ್ನು ಮಾತಾಡಿಸಲಿಲ್ಲ. ಸೆಮಿಸ್ಟರಿನ ಕೊನೆಗೆ ಇಬ್ಬರಿಗೂ ಎ ಬಂತು. ದಶಮಾಂಶದ ಮೂರನೇ ಸ್ಥಾನ ಎಲ್ಲಿತ್ತೋ ಅಲ್ಲೇ ಉಳಿಯಿತು.

ಫೆಬ್ರವರಿಯಲ್ಲಿ ಶಿಕ್ಷಣ ಮಂಡಳಿಯವರು ಸಭೆ ಸೇರಿ, ಮಕ್ಕಳ ಮನಸ್ಸಿಗೆ ಒತ್ತಡ ಹೆಚ್ಚಾಗುತ್ತಿದೆ, ಆದ್ದರಿಂದ ಈ ವರ್ಷದಿಂದ ಯಾವ ಶಾಲೆಯಲ್ಲೂ ರ‍್ಯಾಂಕು ಇಲ್ಲ ಎಂದು ತೀರ್ಮಾನಿಸಿದರು. ಸರಾಸರಿ ನಾಲ್ಕಕ್ಕಿಂತ ಮೇಲಿದ್ದವರಿಗೆಲ್ಲ ಪದವಿ ದಿನ ಕೊರಳಿಗೆ ಒಂದು ಹಳದಿ ದಾರ. ಅಂಥವರು ನಮ್ಮ ಶಾಲೆಯಲ್ಲಿ ನೂರಕ್ಕೂ ಮೇಲಿದ್ದರು. ಓಗಲ್‌ಟ್ರೀ ಧ್ವನಿವರ್ಧಕದಲ್ಲಿ ಇದನ್ನು ಓದಿ ಹೇಳುವಾಗ ಇಬ್ಬರೂ ನನ್ನ ತರಗತಿಯಲ್ಲೇ ಇದ್ದರು. ಸೆಮಿಸ್ಟರು ಮುಗಿದಿದ್ದರೂ ಬಿಡುವಿನಲ್ಲಿ ಬರುವುದನ್ನು ಅವರು ಬಿಟ್ಟಿರಲಿಲ್ಲ. ಮೆಕ್ಲಿಟ್ ತಿಗರಿಯ ಪೆಡಲಿನಿಂದ ಕಾಲು ತೆಗೆದಳು. ಕಾವೆ ಒದ್ದೆ ಸ್ಪಂಜನ್ನು ಹಿಡಿದು ಹಾಗೇ ಕೂತಿದ್ದ, ನೀರು ಅವನ ಇಸ್ತ್ರಿ ಪ್ಯಾಂಟಿನ ಮೇಲೆ ಇಳಿಯುತ್ತಿತ್ತು.

“ಯಾರಿದ್ರು ಮೇಲೆ?” ಎಂದು ಡುಲ್ಸೆ ಕೇಳಿದಳು. “ಈಗಲಾದ್ರೂ ಹೇಳಿ.”

“ನಾನು,” ಎಂದರು ಇಬ್ಬರೂ.

ಆ ಸಂಜೆ ಜೆನೆಬೆಚ್ ನನಗೆ ಫೋನು ಮಾಡಿ, ಒಂಬತ್ತನೇ ತರಗತಿಯಿಂದ ನಾವು ಪಟ್ಟದ್ದೆಲ್ಲ ಹಳದಿ ದಾರಕ್ಕಾ ಎಂದು ಕೇಳಿದರು. ಅವರು ಬೈಯುವುದನ್ನು ಪೂರ್ತಿ ಕೇಳಿಸಿಕೊಂಡೆ. ದರ್ಯಾನಿಯವರು ಮಂಡಳಿಯ ಸದಸ್ಯರಿಗೆಲ್ಲ ಒಂದೊಂದು ಡಬ್ಬಿ ಪಿಸ್ತಾ ಮಿಠಾಯಿ ಕಳಿಸಿ, ತಮ್ಮ ವಿರೋಧವನ್ನು ಅತ್ಯಂತ ಪ್ರೀತಿಯಿಂದ ತಿಳಿಸಿದರು.

ಮಾರ್ಚಿನ ಕೊನೆಗೆ ಕಾಲೇಜುಗಳ ಉತ್ತರ ಬಂತು. ಇಬ್ಬರೂ ಮುಖ್ಯವಾಗಿ ಆಸೆಪಟ್ಟಿದ್ದು ಒಂದೇ ದೊಡ್ಡ ಹೆಸರಿನ ಕಾಲೇಜಿಗೆ. ಮೆಕ್ಲಿಟಳಿಗೆ ಸಿಕ್ಕಿತು. ಕಾವೆಗೆ ಸಿಗಲಿಲ್ಲ. ರಾಜ್ಯದ ವಿಶ್ವವಿದ್ಯಾಲಯದವರು ಅವನನ್ನು ಸಂತೋಷದಿಂದ ಕರೆದಿದ್ದರು, ಆದರೆ ಅವತ್ತು ಅವನಿಗೆ ಅದು ಕಾಣುವಂತಿರಲಿಲ್ಲ. ಆ ವಾರವೆಲ್ಲ ಅವನು ನನ್ನ ಕೋಣೆಗೆ ಬರಲಿಲ್ಲ. ಮೆಕ್ಲಿಟ್ ಬರುತ್ತಿದ್ದಳು, ಮಣ್ಣು ಮುಟ್ಟದೆ ಬಾಗಿಲ ಕಡೆ ನೋಡುತ್ತಾ ಕೂತು ಹೋಗುತ್ತಿದ್ದಳು. ಅವಳಿಗೆ ಸಿಕ್ಕಿದ್ದನ್ನು ನನಗೆ ಹೇಳಿದ್ದೂ ಅವಳಲ್ಲ, ಡುಲ್ಸೆ.

ಮುಂದಿನ ಸೋಮವಾರ ಕಾವೆ ಬಂದ. ಅಂಗಿಗೆ ಇಸ್ತ್ರಿ ಇರಲಿಲ್ಲ. ಸೀದಾ ಹೋಗಿ ತನ್ನ ತಿಗರಿಯ ಮುಂದೆ ಕೂತು, ಯಾರನ್ನೂ ನೋಡದೆ ಹೇಳಿದ.

“ನನ್ನ ಬೇಡ ಅಂದ್ರು.”

“ಗೊತ್ತು,” ಎಂದಳು ಮೆಕ್ಲಿಟ್. “ನನ್ನ ಬೇಕು ಅಂದ್ರು. ಅವರಿಗೆ ಆರಿಸೋಕೆ ಬರಲ್ಲ ಅನ್ನೋದಕ್ಕೆ ಇನ್ನೇನು ಬೇಕು ಮಾರಾಯ.”

ಕಾವೆ ಅವಳನ್ನು ನೋಡಿದ. ಮೊದಲು ಮೂಗಿನಿಂದ ಒಂದು ಶಬ್ದ ಬಂತು, ಆಮೇಲೆ ಭುಜ ಅಲ್ಲಾಡತೊಡಗಿತು. ಅಳುತ್ತಾನೋ ನಗುತ್ತಾನೋ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ. ಡುಲ್ಸೆ ಎದ್ದು ಹೋಗಿ ಮಣ್ಣಿನ ಚೀಲದಿಂದ ದೊಡ್ಡ ಮುದ್ದೆಯೊಂದನ್ನು ಕಿತ್ತು ತಂದು ಅವನ ತಿಗರಿಯ ಮೇಲೆ ದಪ್ಪೆಂದು ಹಾಕಿದಳು. ಅವನು ಅಂಗಿಯ ತೋಳು ಮೇಲೆ ಸರಿಸಿಕೊಂಡು ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಇಟ್ಟ.